ಚೆಲ್ಲದೆ ಇಟ್ಟ ನೀರು

"ಅದನ್ನ ಮುಟ್ಟಬೇಡಿ ತಾಯಿ. ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದನ್ನ ಮುಟ್ಟಬೇಡಿ!"

ಬಾಟ್ಲಿ ಮಾಮ ಅಂಗಲಾಚುವಷ್ಟರಲ್ಲಿ ನನ್ನ ಎರಡೂ ಕೈಗಳು ಪೆಟ್ಟಿಗೆಯ ಮೇಲಿದ್ದವು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಳಾದವಳಿಗೆ ಮುಟ್ಟಬೇಡಿ ಎಂದರೆ ಬೇಗ ಎತ್ತಿ ಎಂದೇ ಕೇಳಿಸುತ್ತದೆ. ಹೂಳು ಒಣಗಿಸುವ ಒಲೆಯ ಹಿಂದಿನಿಂದ ಅದನ್ನು ಹೊರಗೆಳೆದೆ. ನನ್ನ ಮಂಡಿ ಕಟಕ್ಕೆಂದಿತು. ಪೆಟ್ಟಿಗೆಯೊಳಗೆ ಗಾಜಿಗೆ ಗಾಜು ತಗುಲಿ ಸದ್ದಾಯಿತು.

"ಇಲ್ಲಿ ಏನೂ ಇಲ್ಲ ಅಂದಿರಲ್ಲ ಮಾಮ?"

"ಅಂದೆ."

"ಒಂದು ಸಲ ಅಲ್ಲ, ಮೂರು ಸಲ ಅಂದಿರಿ."

ಅವರು ತಮ್ಮ ಬಿಳಿ ಕೋಟಿನ ತುದಿಯಿಂದ ಕನ್ನಡಕ ಒರೆಸತೊಡಗಿದರು. ಒರೆಸಿದಷ್ಟೂ ಅದು ಮಸುಕಾಗುತ್ತಿತ್ತು.

ನದಿ ಸಂಶೋಧನಾ ಕೇಂದ್ರದ ನೆಲಮಾಳಿಗೆಯ ಈ ಕೋಣೆಯಲ್ಲಿ ಎತ್ತ ತಿರುಗಿದರೂ ಬಾಟಲಿ. ನದಿಯುದ್ದಕ್ಕೂ ಇಪ್ಪತ್ತೆರಡು ಅಳತೆಗಾರರಿದ್ದಾರೆ. ಬೆಳಗಿನ ಆರು, ಒಂಬತ್ತು, ಮಧ್ಯಾಹ್ನ ಹನ್ನೆರಡು, ಮೂರು. ಹೀಗೆ ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಳಿದು, ಅಳತೆ ಹಲಗೆಯ ಮೇಲೆ ನೀರು ಎಷ್ಟು ಮೀಟರಿಗೆ ನಿಂತಿದೆ ಎಂದು ನೋಡಿ, ಮೇಲಿನ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಹೇಳಬೇಕು. ಜೊತೆಗೆ ಪ್ರತಿ ಅಳತೆಗೂ ಒಂದು ಬಾಟಲಿ ನದಿ ನೀರು ತುಂಬಿ, ಗಂಟೆ ಮತ್ತು ಮಟ್ಟ ಬರೆದ ಚೀಟಿ ಅಂಟಿಸಬೇಕು. ಆ ನೀರಿನ ಹೂಳನ್ನು ಸೋಸಿ, ಒಣಗಿಸಿ, ತೂಗಿ, ಬಾಟಲಿ ತೊಳೆದು ವಾಪಸು ಕಳಿಸುವುದು ಮಾಮನ ಕೆಲಸ. ಇಪ್ಪತ್ತಾರು ವರ್ಷಗಳಿಂದ ಅವರು ಒಂದು ಬಾಟಲಿಯನ್ನೂ ವಾರಕ್ಕಿಂತ ಹೆಚ್ಚು ಇಟ್ಟುಕೊಂಡವರಲ್ಲ.

ಈ ಪೆಟ್ಟಿಗೆಯ ಮೇಲೆ ಮಾತ್ರ ಒಂದು ವರ್ಷದ ದೂಳಿತ್ತು.

ನನಗಿದ್ದದ್ದು ಒಂದೇ ದಿನ. ಹೋದ ವರ್ಷದ ಪ್ರವಾಹದ ದಿನ ಕೆಳಗಟ್ಟೆಯ ಅಳತೆಗಾರ ಕೆಲಸ ಬಿಟ್ಟು ಎಲ್ಲೋ ಹೋಗಿದ್ದ, ಅದರಿಂದಲೇ ಸೈರನ್ ಊದಲಿಲ್ಲ, ಅದರಿಂದಲೇ ಕೆಳಬೀದಿಯಲ್ಲಿ ಹದಿನಾಲ್ಕು ಜನ ಸತ್ತರು ಎಂಬ ವರದಿಗೆ ಮರುದಿನ ಹನ್ನೊಂದು ಗಂಟೆಗೆ ಸಹಿ ಬೀಳಲಿತ್ತು. ಅಳತೆಗಾರನೂ ಅಂದೇ ನೀರುಪಾಲಾಗಿದ್ದ, ಹೆಣ ಸಿಗಲಿಲ್ಲ. ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ, ಆದ್ದರಿಂದ ಎಲ್ಲರಿಗೂ ಅನುಕೂಲವಾಗಿತ್ತು. ಅವನ ಹೆಂಡತಿ ಮಾತ್ರ ಅರ್ಜಿಯ ಮೇಲೆ ಅರ್ಜಿ ಹಾಕಿ, ಕಡೆಗೆ ನನ್ನಂಥ ಮಂಡಿನೋವಿನ ಮುದುಕಿಯನ್ನು ವಿಚಾರಣೆಗೆ ಹಾಕಿಸಿಕೊಂಡಿದ್ದಳು.

ನನಗೂ ಆ ಬೀದಿಯ ಋಣವೊಂದಿದೆ. ಹದಿನಾಲ್ಕರಲ್ಲಿ ಐವರನ್ನು ಕೆಸರಿನಿಂದ ಎತ್ತಿದ್ದು ಇದೇ ಕೈಗಳು. ಕೈ ತೊಳೆಯುವಾಗಲೆಲ್ಲ ಈಗಲೂ ಉಗುರಿನ ಸಂದಿಯಲ್ಲಿ ಕೆಸರು ಹುಡುಕುತ್ತೇನೆ.

ಪೆಟ್ಟಿಗೆಯ ಮುಚ್ಚಳ ತೆಗೆದೆ. ಐದು ಬಾಟಲಿಗಳಿದ್ದವು. ಮೇಲೆ ತಿಳಿನೀರು, ತಳದಲ್ಲಿ ಮಣ್ಣು. ಐದರ ಮೇಲೂ ಪ್ರವಾಹದ ದಿನದ ತಾರೀಖು.

"ಎಲ್ಲಿ ಸಿಕ್ಕಿತು ಇದು?"

"ಕೆಳಗಟ್ಟೆ ಮೇಲಿನ ಅಳತೆ ಗುಡಿಸಲಲ್ಲಿ. ಸೂರಿಗೆ ನೇತು ಹಾಕಿದ್ರಂತೆ. ನಾಲ್ಕು ದಿನ ಆದ್ಮೇಲೆ ಡ್ರೈವರ್ ಬೀಗ ಒಡೆದು ತಂದುಕೊಟ್ಟ."

"ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?"

ಮಾಮ ಸ್ಟೂಲಿನ ಮೇಲೆ ಕುಸಿದು ಕೂತರು. "ಬರೆದ್ರೆ ಸೋಸಬೇಕು ತಾಯಿ. ಸೋಸಿದ್ಮೇಲೆ ನೀರು ಚೆಲ್ಲಬೇಕು. ಹೇಗೆ ಚೆಲ್ಲಲಿ? ಈ ನೀರು ನನ್ನ ತಂಗಿ ಮನೆಗೆ ಹೋಗೋ ದಾರಿಯಲ್ಲಿತ್ತು."

ಅವರ ತಂಗಿ ಹದಿನಾಲ್ವರಲ್ಲಿ ಒಬ್ಬಳು. ಪ್ರವಾಹದ ಹಿಂದಿನ ತಿಂಗಳು ಸುಮ್ಮಸುಮ್ಮನೆ ಒಮ್ಮೆ ಸೈರನ್ ಊದಿತ್ತಂತೆ. ಬೀದಿಯ ಜನವೆಲ್ಲ ಪಾತ್ರೆ ಪಗಡೆ ಹೊತ್ತು ದಿಬ್ಬಕ್ಕೆ ಓಡಿದರು. ನದಿ ಒಂದು ಗೇಣೂ ಏರಲಿಲ್ಲ. ಓಡುವಾಗ ಆ ತಂಗಿ ಮೆಟ್ಟಿಲ ಮೇಲೆ ಬಿದ್ದು ಕಾಲು ಮುರಿದುಕೊಂಡಳು. ಮುಂದಿನ ತಿಂಗಳು ನಿಜವಾದ ನೀರು ಬಂದಾಗ ಅವಳು ಮಂಚದ ಮೇಲಿದ್ದಳು.

"ಬೇಡದಾಗ ಕೂಗಿತು, ಬೇಕಾದಾಗ ಕೂಗಲಿಲ್ಲ" ಎಂದರು ಮಾಮ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಸಂಕಟ ಕೊಟ್ಟಿತು.

ಬಾಟಲಿಗಳನ್ನು ಗೋಡೆಯ ಮೇಲ್ತುದಿಯ ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟೆ. ಚೀಟಿ ಓದಿದೆ. ಆರು ಗಂಟೆ, ಎರಡು ಮೀಟರ್ ಹತ್ತು. ಒಂಬತ್ತು ಗಂಟೆ, ಎರಡು ಅರವತ್ತು. ಹನ್ನೆರಡು ಗಂಟೆ, ನಾಲ್ಕು ಅರವತ್ತು.

ವರದಿಯ ಪ್ರಕಾರ ಹನ್ನೆರಡರ ಅಳತೆಯೇ ಇಲ್ಲ. ಅಳತೆಗಾರ ಗೈರು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ನಾಲ್ಕನೆಯದು: ಹನ್ನೆರಡು ಇಪ್ಪತ್ತೈದು, ಐದು ಅರವತ್ತು. ಐದನೆಯದು: ಹನ್ನೆರಡು ಐವತ್ತು, ಆರು ಇಪ್ಪತ್ತು. ಈ ಎರಡರ ಕೆಳಗೂ ಎರಡು ಪದಗಳಿದ್ದವು, 'ಮರು ಅಳತೆ'.

"ಐದು ಮೀಟರ್ ದಾಟಿದ್ರೆ ಸೈರನ್ ಊದಬೇಕು ಅಲ್ವಾ ಮಾಮ?"

"ಹೌದು."

"ಬೀದಿಗೆ ನೀರು ನುಗ್ಗಿದ್ದು ಎರಡು ಗಂಟೆಗೆ. ಅಂದ್ರೆ ಒಂದೂವರೆ ಗಂಟೆ ಕಾಲ ಇತ್ತು. ಈ ಮರು ಅಳತೆ ಅಂದ್ರೇನು?"

"ಹೇಳಿದ ಅಳತೆ ಮೇಲೆ ಅನುಮಾನ ಬಂದ್ರೆ, ಕಂಟ್ರೋಲ್ ರೂಮಿನೋರು ಮತ್ತೆ ನೋಡ್ಕೊಂಡು ಬಾ ಅಂತಾರೆ. ಅದಕ್ಕೂ ಒಂದು ಬಾಟ್ಲಿ ತುಂಬಬೇಕು. ನಿಯಮ."

ಪ್ರಳಯ ಬಂದು ಮೆಟ್ಟಿಲು ನುಂಗುತ್ತಿರುವಾಗಲೂ ನಿಯಮದಂತೆ ಬಾಟಲಿ ತುಂಬಿಸಿ ಚೀಟಿ ಅಂಟಿಸಿದ್ದಾನೆ! ಇಂಥವನನ್ನೇ ಹುಡುಕಿ ಹುಡುಕಿ ಕೆಲಸಗಳ್ಳ ಎಂದು ಬರೆದಿದ್ದಾರೆ. ನನಗೆ ಮೈ ಉರಿದುಹೋಯಿತು.

ಅಕ್ಷರ ಅವಸರದ್ದಾಗಿತ್ತು. ಆರು ಎಂಬ ಅಂಕಿಯ ಹೊಟ್ಟೆ ಎಲ್ಲ ಚೀಟಿಯಲ್ಲೂ ಮುಚ್ಚದೆ ತೆರೆದೇ ಇತ್ತು.

"ಇದನ್ನೆಲ್ಲ ಬೆಳಗ್ಗೇನೇ ಕೂತು ಒಟ್ಟಿಗೆ ಬರೆದ, ಒಟ್ಟಿಗೆ ತುಂಬಿದ ಅಂತ ನಾಳೆ ಹೇಳ್ತಾರೆ" ಎಂದೆ.

"ಮಣ್ಣು ನೋಡಿ ತಾಯಿ, ಮಣ್ಣು ಸುಳ್ಳು ಹೇಳಲ್ಲ." ಮಾಮನ ದನಿಯಲ್ಲಿ ಒಮ್ಮೆಗೇ ಹಳೆಯ ಉತ್ಸಾಹ ಬಂತು. ಮೊದಲ ಎರಡು ಬಾಟಲಿಯ ತಳದಲ್ಲಿ ಕಪ್ಪು ಮಣ್ಣು, ಬೆರಳ ಉಗುರಿನಷ್ಟೇ ದಪ್ಪ. ಮೂರನೆಯದರಿಂದ ಕೆಂಪು. ಐದನೆಯದರಲ್ಲಿ ಮೂರು ಬೆರಳು ದಪ್ಪ ಕೆಂಪು. "ಕೆಂಪು ಗುಡ್ಡದ ಹಳ್ಳ ಒಡ್ಕೊಂಡು ಬಂದಿದೆ. ಬೆಳಗ್ಗೆ ಆ ಮಣ್ಣು ನದಿಯಲ್ಲಿ ಇರ್ಲೇ ಇಲ್ಲ. ತೂಕ ಹಾಕಿ ಬರ್ಕೊಟ್ರೆ ಯಾವ ವಕೀಲನೂ ಬಾಯಿ ತೆಗೆಯೋ ಹಾಗಿಲ್ಲ."

"ಹಾಗಾದ್ರೆ ತೂಗಿ. ಸಾಯಂಕಾಲದೊಳಗೆ ಸಹಿ ಮಾಡಿ ಕೊಡಿ. ಐದನೇದು ನನ್ನ ಚೀಲದಲ್ಲಿರ್ಲಿ."

ಅವರು ಬಹಳ ಹೊತ್ತು ನಾಲ್ಕು ಬಾಟಲಿಗಳನ್ನೇ ನೋಡಿದರು. ಮೇಜಿನ ಮೇಲೆ ಕಂಟ್ರೋಲ್ ರೂಮಿನಿಂದ ಮೂರು ಗಂಟೆಗೊಮ್ಮೆ ಬರುವ ಮುನ್ಸೂಚನೆ ಹಾಳೆಗಳನ್ನು ಮೊಳೆಗೆ ಚುಚ್ಚಿದ್ದರು. ಗಾಳಿಗೆ ಅವು ಅಲ್ಲಾಡುತ್ತಿದ್ದವು.

"ಒಳ್ಳೆ ಮನುಷ್ಯ ಅವನು" ಎಂದರು ಕಡೆಗೆ. "ಯಾರಿಗಾದ್ರೂ ಸಾರ್ ಅಂತಾನೇ ಅನ್ನೋನು. ಕಂಟ್ರೋಲ್ ರೂಮಿನ ಮೇಡಂಗೂ ಸಾರ್, ನನಗೂ ಸಾರ್. ವಾರ್ಷಿಕೋತ್ಸವದಲ್ಲಿ ಇಪ್ಪತ್ತೆರಡು ಜನ ಅಳತೆಗಾರರ ದನೀನೂ ನಾನು ಮಾಡ್ತಿದ್ದೆ ತಾಯಿ. ಎಲ್ಲರೂ ನಗೋರು. ಅವನದಕ್ಕೆ ಮಾತ್ರ ಅವನೇ ಹೆಚ್ಚು ನಗ್ತಿದ್ದ."

ನಾನು ಬೇಡ ಎನ್ನುವಷ್ಟರಲ್ಲಿ ಮಾಮನ ಗಂಟಲು ಬದಲಾಯಿತು. ಮೂಗಿನಿಂದ ಬರುವ, ಪ್ರತಿ ಪದಕ್ಕೂ ಉಸಿರು ನಿಲ್ಲಿಸುವ ಒಂದು ದನಿ ಆ ಕೋಣೆಯಲ್ಲಿ ಕೇಳಿಸಿತು. "ಎರಡು ಮೀಟರ್... ಹತ್ತು... ಸಾರ್. ಭಯ ಇಲ್ಲ... ಸಾರ್."

ನಾನು ಆ ಮನುಷ್ಯನನ್ನು ನೋಡಿದವಳಲ್ಲ. ಆದರೂ ಹಿಂದೆ ಯಾರೋ ಬಂದು ನಿಂತ ಹಾಗಾಗಿ ತಿರುಗಿ ನೋಡಿದೆ. ಬಾಟಲಿಗಳಷ್ಟೇ ಇದ್ದವು.

*

ಕಂಟ್ರೋಲ್ ರೂಮ್ ಮೂರನೆಯ ಮಹಡಿಯಲ್ಲಿದೆ. ಲಿಫ್ಟು ಕೆಟ್ಟಿತ್ತು, ಯಾವಾಗ ಸರಿಯಿತ್ತು ಎಂದು ಕೇಳಬೇಡಿ. ಮೆಟ್ಟಿಲ ಗೋಡೆಯ ಮೇಲೆಲ್ಲ ನದಿ ಉಳಿಸುವ ಘೋಷಣೆಗಳು. ಒಂದೊಂದು ಮೆಟ್ಟಿಲಿಗೂ ಒಂದೊಂದನ್ನು ಓದಿ, ಮನಸ್ಸಿನಲ್ಲೇ ಬೈದು, ಮೇಲೆ ಮುಟ್ಟುವ ಹೊತ್ತಿಗೆ ಹನ್ನೆರಡು ಗಂಟೆ.

ಮುನ್ಸೂಚನೆ ಮೇಡಂ ಒಬ್ಬರೇ ಇದ್ದರು. ಐವತ್ತರ ಆಸುಪಾಸು, ತೆಳ್ಳಗೆ, ಇಸ್ತ್ರಿ ಮಾಡಿದಂಥ ಮಾತು. ನದಿಗೆ ಎಷ್ಟು ನೀರು ಬರುತ್ತದೆಂದು ಲೆಕ್ಕ ಹಾಕುವ ಯಂತ್ರವನ್ನು ಇಪ್ಪತ್ತು ವರ್ಷ ಸಾಕಿ ಬೆಳೆಸಿದವರು ಅವರೇ. ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಸೈರನ್ನಿನ ಕೆಂಪು ಗುಂಡಿ ಇತ್ತು. ಅವರ ಕುರ್ಚಿ ಅದಕ್ಕೆ ಬೆನ್ನು ಹಾಕಿತ್ತು. ಹಿಂದೆ ಹಾಗಿರಲಿಲ್ಲ ಎಂಬುದಕ್ಕೆ ನೆಲದ ಮೇಲೆ ಕುರ್ಚಿಗಾಲಿನ ಹಳೆಯ ಗೀರುಗಳೇ ಸಾಕ್ಷಿ.

"ಅಳತೆಗಾರ ಆ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಲಿಲ್ಲ" ಎಂದರು, ನಾನು ಕೂರುವ ಮುಂಚೆಯೇ. "ನಾನು ಬರೆದು ಕೊಟ್ಟಿದ್ದೀನಿ."

"ಓದಿದ್ದೀನಿ. ತುಂಬ ಚೆನ್ನಾಗಿ ಬರೆದಿದ್ದೀರಿ." ಚೀಲದಿಂದ ಬಾಟಲಿ ತೆಗೆದು ಅವರ ಕೀಲಿಮಣೆಯ ಪಕ್ಕದಲ್ಲಿಟ್ಟೆ. "ಇದನ್ನೂ ಸ್ವಲ್ಪ ಓದಿ."

ಅವರು ಓದಿದರು. ಆಮೇಲೆ ಬಾಟಲಿಯನ್ನು ಮುಟ್ಟಲು ಕೈ ಚಾಚಿ, ಬಿಸಿ ತಾಗಿದ ಹಾಗೆ ಹಿಂದಕ್ಕೆಳೆದುಕೊಂಡರು.

"ಮರು ಅಳತೆ ಅಂತ ಇದೆ" ಎಂದೆ. "ಯಾರೂ ಕೇಳದೆ ಯಾರಾದ್ರೂ ಮರು ಅಳತೆ ಮಾಡ್ತಾರಾ ಮೇಡಂ? ಅದೂ ಎರಡು ಸಲ?"

"ಇದು ಯಾವಾಗ ಬೇಕಾದ್ರೂ ಬರೆದದ್ದಿರಬಹುದು."

"ಇರಬಹುದು. ಆದ್ರೆ ತಳದಲ್ಲಿ ಕೆಂಪು ಮಣ್ಣಿದೆ."

ಅವರು ಬಗ್ಗಿ ನೋಡಿದರು. ನಾನು ಎಷ್ಟೋ ಜನರ ಮುಖ ಕಳೆಗುಂದುವುದನ್ನು ನೋಡಿದ್ದೇನೆ. ಇವರದು ಹಾಗಲ್ಲ, ಒಳಗಿನಿಂದ ಯಾರೋ ದೀಪ ಆರಿಸಿಕೊಂಡು ಹೊರಟುಹೋದ ಹಾಗಾಯಿತು.

"ಕೆಂಪು ಗುಡ್ಡದ್ದು" ಎಂದರು ಮೆಲ್ಲಗೆ.

"ನಿಮ್ಮ ಯಂತ್ರ ಆ ದಿನ ಏನು ಹೇಳಿತ್ತು?"

"ಮಧ್ಯಾಹ್ನಕ್ಕೆ ಮೂರು ಅರವತ್ತು. ಅದಕ್ಕಿಂತ ಮೇಲೆ ಹೋಗಲ್ಲ ಅಂತ."

"ಗುಡ್ಡದ ಮರ ಕಡಿದು ಎಷ್ಟು ವರ್ಷ ಆಯ್ತು?"

"ಆರು." ಅವರು ಕಣ್ಣು ಮುಚ್ಚಿದರು. "ನಾನು ಯಂತ್ರಕ್ಕೆ ಕೊಟ್ಟಿದ್ದ ನಕ್ಷೆ ಹದಿನೆಂಟು ವರ್ಷ ಹಳೇದು. ಹೊಸ ನಕ್ಷೆ ಕೊಡಿ ಅಂತ ಪ್ರತಿ ವರ್ಷ ಬರೀತಿದ್ದೆ. ಕೊಡಲಿಲ್ಲ. ಯಂತ್ರದೊಳಗೆ ಆ ಗುಡ್ಡದ ಮೇಲೆ ಇನ್ನೂ ಕಾಡಿದೆ. ಮಳೆ ಬಿದ್ದರೆ ಮರಗಳು ನೀರು ಹಿಡ್ಕೊಳ್ತವೆ ಅಂತಲೇ ಅದು ಲೆಕ್ಕ ಹಾಕುತ್ತೆ. ಇವತ್ತಿಗೂ."

ಇಲ್ಲದ ಕಾಡಿನ ಮಾತು ಕೇಳಿ ಹದಿನಾಲ್ಕು ಜನ ಮನೆಯಲ್ಲೇ ಉಳಿದರು. ನನಗೆ ಆ ಯಂತ್ರದ ಹಸಿರು ಪರದೆಯನ್ನು ನೋಡುವುದೇ ಅಸಹ್ಯವಾಯಿತು.

"ಫೋನ್ ಬಂತು, ಅಲ್ವಾ?"

ಮೇಡಂ ಬಾಟಲಿಯ ಚೀಟಿಯನ್ನು ಮತ್ತೊಮ್ಮೆ ಓದಿದರು. ನಾನು ಕಾದೆ. ಕಾಯುವುದಕ್ಕೂ ಸಂಬಳ ಪಡೆದವಳು ನಾನು.

"ಬಂತು. ಆದ್ರೆ ಅಳತೆಗಾರ ಅಲ್ಲ. ಯಾರೋ ಹೆಂಗಸು. ಏದುಸಿರು ಬಿಡ್ತಿದ್ಳು, ಹಿಂದೆ ನೀರಿನ ಭೋರ್ಗರೆತ, ಅರ್ಧ ಮಾತು ಕೇಳಿಸ್ತಿರಲಿಲ್ಲ. ನಾಲ್ಕು ಅರವತ್ತು ಅಂದ್ಳು. ಮೂರು ಗಂಟೇಲಿ ಎರಡು ಮೀಟರ್ ಏರಿಕೆ! ಹಾಗೆ ಜಿಗಿದ ಅಳತೆಯನ್ನ ಯಂತ್ರ ತಾನೇ ತಪ್ಪು ಅಂತ ಗುರುತು ಹಾಕುತ್ತೆ. ಹಿಂದಿನ ತಿಂಗಳು ಸುಳ್ಳು ಸೈರನ್ ಊದಿ ಎಲ್ಲರ ಹತ್ರ ಉಗಿಸಿಕೊಂಡಿದ್ವಿ. ಮತ್ತೆ ನೋಡಿ ಹೇಳು ಅಂದೆ."

"ಅವಳು ಮತ್ತೆ ಹೇಳಿದ್ಳು. ಐದು ಅರವತ್ತು."

"ಹೌದು. ನನಗೆ ಸಿಟ್ಟು ಬಂತು. ನೀನ್ಯಾರು, ಅಳತೆಗಾರ ಎಲ್ಲಿ, ಅವನನ್ನ ಕರೀ ಅಂದೆ." ಮೇಡಂ ಬಾಟಲಿಯಿಂದ ಕಣ್ಣು ತೆಗೆದರು. "ಅವನೇ ಕಣ್ಣಾರೆ ನೋಡಿ, ಅವನ ಬಾಯಿಂದಲೇ ಹೇಳಲಿ, ಅಲ್ಲೀವರೆಗೆ ಗುಂಡಿ ಒತ್ತಲ್ಲ ಅಂದೆ. ಹನ್ನೆರಡರ ಹಾಳೆ ತಗೊಂಡು ಹೋಗೋಕೆ ಬಂದಿದ್ದ ಮಾಮನೂ ಬೆಚ್ಚಿಬಿದ್ರು."

"ಅವನ ಬಾಯಿಂದ ಕೇಳಲಿಲ್ಲ. ಅಷ್ಟಕ್ಕೇ ಬಿಟ್ಟುಬಿಟ್ಟಿರಿ."

"ಇಲ್ಲ" ಎಂದರು ಮೇಡಂ. "ಕೇಳಿದೆ."

"ಏನು?"

"ಒಂದೂಕಾಲಕ್ಕೆ ಅವನೇ ಫೋನ್ ಮಾಡಿದ. ಮೂರು ಮೀಟರ್ ಅರವತ್ತು ಸಾರ್, ಹೆಂಗಸರಿಗೆ ಗಾಬರಿ, ನೀರು ಇಳೀತಾ ಇದೆ, ಭಯ ಇಲ್ಲ ಅಂದ. ಯಂತ್ರ ಹೇಳಿದ್ದೂ ಅದೇ ಸಂಖ್ಯೆ! ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಇಲ್ಲೇ ಕೂತು ಟೀ ಕುಡಿದೆ. ಇನ್ನೂ ಮುಕ್ಕಾಲು ಗಂಟೆ ಇತ್ತು. ನಾನು ಟೀ ಕುಡೀತಾ ಕೂತಿದ್ದೆ."

ನಾನು ಕುರ್ಚಿಯ ಹಿಡಿ ಹಿಡಿದುಕೊಂಡೆ. "ಇದನ್ನ ವರದಿಯಲ್ಲಿ ಯಾಕೆ ಹೇಳಲಿಲ್ಲ?"

"ಅದನ್ನ ಹೇಳಿದ್ರೆ ಮೊದಲಿನ ಎರಡು ಫೋನಿನ ವಿಷಯಾನೂ ಹೇಳಬೇಕಿತ್ತು. ಮತ್ತೆ, ಸತ್ತವನ ಮೇಲೆ ಇನ್ನೊಂದು ಕಲ್ಲು ಯಾಕೆ..."

"ಸಾಕು ಮೇಡಂ. ಸತ್ತವನ ಮೇಲಿನ ಕರುಣೆಯಿಂದಲೇ ಅವನ ಹೆಸರಿನ ಮುಂದೆ ಗೈರು ಅಂತ ಬರೆಸಿದ್ರಾ?"

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಅವರ ಮೇಲೆ ಸಿಟ್ಟು ಮಾಡಲು ಸುಲಭವಾಗುತ್ತಿತ್ತು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದರು.

"ಒಂದು ವಿಚಿತ್ರ ಇದೆ. ಹೆಂಗಸಿನ ಮಾತಿನ ಹಿಂದೆ ಅಷ್ಟು ನೀರಿನ ಸದ್ದಿತ್ತು. ಅವನ ದನಿ ಮಾತ್ರ ಪಕ್ಕದ ಕೋಣೆಯಿಂದ ಬಂದ ಹಾಗೆ ಸ್ವಚ್ಛವಾಗಿತ್ತು. ಈಗಲೂ ಒಂದೂಕಾಲು ಆದ್ರೆ ನನಗೆ ಕೇಳಿಸುತ್ತೆ."

*

ಕೆಳಬೀದಿಯ ಪ್ರತಿ ಮನೆಯ ಗೋಡೆಯಲ್ಲೂ ಒಂದು ಗೆರೆಯಿದೆ, ಬಾಗಿಲ ಚೌಕಟ್ಟಿಗಿಂತ ಒಂದು ಗೇಣು ಮೇಲೆ. ಎಷ್ಟು ಬಣ್ಣ ಬಳಿದರೂ ಮೊದಲ ತೇವಕ್ಕೆ ಅದು ಮತ್ತೆ ಮೂಡುತ್ತದೆ. ಬೀದಿಯ ಒಂದು ತುದಿಯಿಂದ ನೋಡಿದರೆ ನೀರು ಇನ್ನೂ ಅಲ್ಲೇ ನಿಂತಿದೆ, ನಾವು ಅದರೊಳಗೆ ನಡೆಯುತ್ತಿದ್ದೇವೆ ಅನಿಸುತ್ತದೆ. ನಾನು ಉಸಿರು ಬಿಗಿಹಿಡಿದೇ ನಡೆದೆ.

ಅಳತೆಗಾರನ ಮನೆ ಯಾವುದೆಂದು ಕೇಳಿದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗದ್ದ ಎತ್ತಿ ತೋರಿಸುತ್ತಾರೆ. ಆ ಬಾಗಿಲ ಮೇಲೆ ಇದ್ದಿಲಿನಿಂದ ಯಾರೋ ಹದಿನಾಲ್ಕು ಗೀಟು ಎಳೆದಿದ್ದರು. ಅಳಿಸಲು ಯಾರೂ ಪ್ರಯತ್ನ ಮಾಡಿದ ಹಾಗಿರಲಿಲ್ಲ.

ಅವನ ಹೆಂಡತಿ ಬಾಗಿಲು ತೆಗೆದಳು. ಮೂವತ್ತೈದಿರಬಹುದು, ಕಣ್ಣ ಸುತ್ತ ಐವತ್ತರ ದಣಿವು. ಒಳಗೆ ಅತ್ತೆ ಮಲಗಿದ್ದರು.

"ಬನ್ನಿ ಅಕ್ಕ. ಸಹಿ ಆಗಿಹೋಯ್ತಾ?"

"ನಾಳೆ. ನಿನ್ನ ಹೇಳಿಕೆ ಇನ್ನೊಂದು ಸಲ ಬೇಕಮ್ಮ. ಆ ದಿನ ಅವರು ಮನೆಯಿಂದ ಹೊರಟದ್ದು ಎಷ್ಟು ಗಂಟೆಗೆ? ಅದನ್ನ ನಿನ್ನ ಕೈಯಲ್ಲೇ ಬರೆದುಬಿಡು."

ಅವಳು ಪೆನ್ನು ತೆಗೆದುಕೊಂಡಳು. ಬೆಳಗ್ಗೆ ಐದು ನಲವತ್ತಾರು ಎಂದು ಅಂಕಿಯಲ್ಲಿ ಬರೆದಳು. ಗಡಿಯಾರ ನೋಡಿದ್ದು ನೆನಪಿದೆ, ನಾನು ದಿನವಿಡೀ ಮನೆಯಲ್ಲೇ ಇದ್ದೆ ಎಂದೂ ಸೇರಿಸಿದಳು.

ಅಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಯಾಯಿತು. ಅವಳು ಮಾತಿನ ನಡುವೆಯೇ ಎದ್ದು, ಬಾಗಿಲ ತನಕ ಹೋಗಿ, ಹೊಸ್ತಿಲಲ್ಲಿ ನಿಂತು, ಯಾಕೆ ಎದ್ದೆ ಎಂದು ತನಗೇ ತಿಳಿಯದವಳಂತೆ ಹಿಂದಿರುಗಿ ಬಂದಳು.

ನಾನು ಹಾಳೆಯನ್ನು ನೋಡಿದೆ. ಆರರ ಹೊಟ್ಟೆ ಮುಚ್ಚಿರಲಿಲ್ಲ.

ಚೀಲದಿಂದ ಬಾಟಲಿ ತೆಗೆದು ಹಾಳೆಯ ಪಕ್ಕ ಇಟ್ಟೆ. ಅವಳು ಅದನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯಲಾರೆ. ಕಳೆದುಹೋದ ಮಗುವನ್ನು ಯಾರೋ ತಂದು ಎದುರಿಗೆ ನಿಲ್ಲಿಸಿದ ಹಾಗೆ ನೋಡಿದಳು.

"ಎಷ್ಟು ದಿನದಿಂದ ಅಳತೆ ನೋಡ್ತಿದ್ದೆ ನೀನು?"

"ಎರಡು ವರ್ಷ" ಎಂದಳು. ಅತ್ತೆ ಮಲಗಿದ್ದ ಕೋಣೆಯ ಬಾಗಿಲು ಎಳೆದು ಬಂದು ಕೂತಳು. "ಅವರಿಗೆ ಕಣ್ಣು ಮಂಜಾಗ್ತಾ ಬಂತು ಅಕ್ಕ. ಕಡೆಕಡೆಗೆ ನನ್ನ ಮುಖಾನೂ ದನಿಯಿಂದ ಗುರುತು ಹಿಡೀತಿದ್ರು. ಕೆಲಸ ಹೋದ್ರೆ ಬದುಕೋದು ಹೇಗೆ? ಹಲಗೆ ನೋಡೋಳು ನಾನು, ಬಾಟ್ಲಿ ತುಂಬೋಳು, ಚೀಟಿ ಬರೆಯೋಳು ನಾನು. ಫೋನಿನಲ್ಲಿ ಹೇಳೋದು ಮಾತ್ರ ಅವರು. ಒಂದು ದಿನಾನೂ ಒಂದು ಅಂಕಿ ತಪ್ಪಿಲ್ಲ. ಬೇಕಾದ್ರೆ ಹಳೇದನ್ನೆಲ್ಲ ತೆಗೆದು ನೋಡಿ."

"ಆ ದಿನ?"

"ಒಂಬತ್ತರ ಅಳತೆ ಹೇಳಿ ಬಂದ್ಮೇಲೆ ಅವರಿಗೆ ಜ್ವರ ಏರಿತು. ಮಲಗಿ, ನಾನೇ ಫೋನ್ ಮಾಡ್ತೀನಿ ಅಂದೆ. ಹನ್ನೆರಡಕ್ಕೆ ಮಾಡಿದೆ, ಬೈದ್ರು. ಮತ್ತೆ ಇಳಿದು ನೋಡಿ ಮಾಡಿದೆ. ಅವನೇ ನೋಡ್ಬೇಕು, ಅವನೇ ಹೇಳ್ಬೇಕು ಅಂದ್ರು. ಓಡಿ ಬಂದು ಇವರನ್ನ ಕೈಹಿಡಿದು ಕಟ್ಟೆಗೆ ಕರ್ಕೊಂಡು ಹೋದೆ. ಆರು ಇಪ್ಪತ್ತು ಆಗಿದೆ, ಹಾಗಂತ ಹೇಳಿಬಿಡಿ ಅಂತ ಗೋಗರೆದೆ."

ಅವಳು ಬಾಟಲಿಯ ಕತ್ತನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಕೇಳಲಿಲ್ಲ ಅಕ್ಕ. ದಿನಾ ನೀನು ನೋಡಿದ್ದನ್ನ ನಾನು ಹೇಳ್ತೀನಿ, ಇವತ್ತು ಸಾಹೇಬರು ನನ್ನ ಅಳತೇನೇ ಕೇಳಿದ್ದಾರೆ, ನೋಡದೆ ನೋಡಿದೆ ಅನ್ನಲಾರೆ ಅಂದ್ರು. ಹಲಗೆ ಮೇಲೆ ಮೀಟರಿಗೊಂದು ಕಬ್ಬಿಣದ ಮೊಳೆ ಇದೆ. ಕೈಯಿಂದ ಮುಟ್ಟಿ ಎಣಿಸಿ ಬರ್ತೀನಿ ಅಂತ ಇಳಿದ್ರು. ಈ ಬಾಟ್ಲಿ ತುಂಬಿ ಮೇಲಕ್ಕೆ ಕೊಟ್ಟಿದ್ದು ಅವರೇ. ನಾನು ತಗೊಂಡೆ. ಇನ್ನೊಂದು ಕೈ ಮೊಳೆ ಹುಡುಕ್ತಾ ಇತ್ತು. ಮೆಟ್ಟಿಲು ಕಿತ್ಕೊಂಡು ಹೋಯ್ತು."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಏನ್ ಮಾಡ್ಬೇಕು ಅಂತ ಗೊತ್ತಾಗಲಿಲ್ಲ. ಚೀಟಿ ಬರೆದೆ. ಅಂಟಿಸಿದೆ. ಸೂರಿಗೆ ನೇತು ಹಾಕಿದೆ. ಆಮೇಲೆ ಬೀದಿಗೆ ಓಡಿ ಕೂಗಿಕೊಂಡೆ. ಸೈರನ್ ಊದಿಲ್ಲವಲ್ಲ, ನಿನಗೇನು ಹುಚ್ಚಾ ಅಂತ..."

"ಅಂದ್ರು."

"ಅಂದ್ರು. ಆಮೇಲೆ ಅವರೇ ನನ್ನ ಬಾಗಿಲ ಮೇಲೆ ಗೀಟು ಎಳೆದ್ರು." ಅವಳು ಕಣ್ಣೊರೆಸಿಕೊಂಡಳು. "ಕಣ್ಣಿಲ್ಲದೋನು ಕೆಲಸದಲ್ಲಿದ್ದ ಅಂತ ಗೊತ್ತಾದ್ರೆ ಎಲ್ಲಾನೂ ಅವರ ತಲೆಗೇ ಕಟ್ತಾರೆ. ಅದಕ್ಕೆ ಬಾಯಿಗೆ ಬೀಗ ಹಾಕ್ಕೊಂಡೆ. ಈಗ ನೀವು ಬರೆದ್ರೆ ಅವರ ಹೆಸರು ಹೋಗುತ್ತೆ. ಬರೀದಿದ್ರೂ ಹೋಗುತ್ತೆ. ಏನ್ ಮಾಡ್ತೀರಿ ಅಕ್ಕ?"

ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆಯಿತ್ತು.

"ಅವರು ಹೋದ್ಮೇಲೆ, ಒಂದೂಕಾಲಕ್ಕೆ, ಗುಡಿಸಲಿನ ಫೋನಿನಿಂದ ಯಾರಾದ್ರೂ ಮಾತಾಡಿದ್ರಾ?"

"ಯಾರು ಮಾತಾಡ್ತಾರೆ? ನಾನು ಬೀಗ ಹಾಕ್ಕೊಂಡು ಬಂದಿದ್ದೆ. ಬೀಗದ ಕೈ ಇವತ್ತಿಗೂ ನನ್ನ ಹತ್ರಾನೇ ಇದೆ."

ಸ್ವಚ್ಛವಾದ ದನಿ. ಪಕ್ಕದ ಕೋಣೆಯಿಂದ ಬಂದ ಹಾಗೆ. ಯಂತ್ರ ಹೇಳಿದ್ದೇ ಸಂಖ್ಯೆ, ಮೊಳೆಗೆ ಚುಚ್ಚಿದ ಹಾಳೆಯಲ್ಲಿ ಇದ್ದ ಸಂಖ್ಯೆ. ಕಾಲು ಮುರಿದು ಮಂಚದ ಮೇಲಿದ್ದ ಒಬ್ಬ ತಂಗಿ, ಸೈರನ್ ಕೇಳಿದರೆ ಮತ್ತೆ ಎದ್ದು ಓಡಲು ನೋಡುತ್ತಿದ್ದಳು.

ಅಯ್ಯೋ, ನಾಲ್ಕು ಬಾಟಲಿಗಳನ್ನು ಯಾರ ಕೈಗೆ ಕೊಟ್ಟು ಬಂದೆ!

ಮೊಬೈಲಿನಲ್ಲಿ ಬಾಟಲಿ ಕೋಣೆಯ ನಂಬರು ಒತ್ತಿದೆ. ಎರಡು ಸಲ ತಪ್ಪಿತು. ಕಿವಿ ಮಂದವಾದಾಗಿನಿಂದ ನಾನು ಸ್ಪೀಕರ್ ಹಾಕಿಯೇ ಮಾತಾಡುವುದು. ಏಳನೆಯ ರಿಂಗಿಗೆ ಅತ್ತ ಕಡೆ ಯಾರೋ ಎತ್ತಿದರು. ನಲ್ಲಿ ಜೋರಾಗಿ ಬಿಟ್ಟಿತ್ತು. ಅದರ ನಡುವೆ ಬಾಟಲಿಯ ಕತ್ತಿನಿಂದ ನೀರು ಗುಳುಗುಳು ಬೀಳುವ ಸದ್ದು.

"ಮಾಮ! ಏನ್ ಮಾಡ್ತಾ ಇದ್ದೀರಿ ಮಾಮ? ನಿಲ್ಲಿಸಿ!"

ಗುಳುಗುಳು ನಿಂತಿತು. ಉಸಿರು ಎಳೆದುಕೊಂಡ ಸದ್ದು. ಆಮೇಲೆ ಆ ಪುಟ್ಟ ಕೋಣೆಯಲ್ಲಿ, ಗೋಡೆಯ ಗೆರೆಯ ಕೆಳಗೆ, ಮೂಗಿನಿಂದ ಬರುವ, ಪದಪದಕ್ಕೂ ಉಸಿರು ನಿಲ್ಲಿಸುವ ದನಿ ಕೇಳಿಸಿತು.

"ಮೂರು ಮೀಟರ್... ಅರವತ್ತು... ಸಾರ್. ನೀರು ಇಳೀತಾ ಇದೆ. ಭಯ ಇಲ್ಲ... ಸಾರ್."

ಒಳಗೋಣೆಯಲ್ಲಿ ಮಂಚ ಕಿರುಗುಟ್ಟಿತು. ಮಲಗಿದ್ದ ಮುದುಕಿ ಮಗನ ಹೆಸರು ಹಿಡಿದು ಕೂಗಿದರು. ಅಳತೆಗಾರನ ಹೆಂಡತಿ ಬಾಟಲಿಯನ್ನು ಎದೆಗೆ ಅವಚಿಕೊಂಡು ನನ್ನ ಮೊಬೈಲಿನ ಮೇಲೆ ಬಾಗಿದಳು.

"ಎಲ್ಲಿದ್ದೀರಿ?" ಎಂದಳು. "ಇಷ್ಟು ದಿನ ಎಲ್ಲಿದ್ದಿರಿ?"